ಕೊಟ್ಟಿಗೆಗೆ ಬಂದ ಹೊಸ ಕರು

ಕಟ್ಟಿಗೆ ಈದಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಗಾದೆಯಲ್ಲಿ ಈದದ್ದು ಎತ್ತಲ್ಲವೇ ಎಂದು ತಿದ್ದಲು ಬರಬೇಡಿ. ಗಜೇಂದ್ರಗಡ ಮುಂಬಯಿ ರಾಜ್ಯ ಬಿಟ್ಟು ಮೈಸೂರಿಗೆ ಸೇರಿದ ವರ್ಷ ಬಡಿಗೇರ ಓಣಿಯಲ್ಲಿ ಈದದ್ದು ಕಟ್ಟಿಗೆಯೇ. ಸುಳ್ಳೆನಿಸಿದರೆ ಎಮ್ಮೆಯನ್ನು ಕೇಳಿ.

"ನಾ ಇಟಗಿಯಿಂದ ಬರೂದ್ರಾಗ ಈ ಆನಿ, ಕುದ್ರಿ, ಮಂಗ್ಯಾ ಎಲ್ಲಾ ಮನಿ ಬಿಟ್ಟಿರಬೇಕು. ಇಲ್ಲಾಂದ್ರ ಒಲಿಗೆ ಹಾಕಿ ಜಳಕದ ನೀರ ಕಾಸತೀನಿ," ಎಂದು ಬಡಿಗೇರ ಅರ್ಜುನಪ್ಪ ರುಮಾಲು ಸುತ್ತುತ್ತ ಮಗನಿಗೆ ಹೇಳಿದ. "ಬಡಿಗ್ಯಾ ಅಂದ್ರ ಬಿತ್ತಾಕ ಕೂರಿಗಿ ಮಾಡಬೇಕು, ಹೊಲಾ ಹರಗಾಕ ಕುಂಟಿ ಮಾಡಬೇಕು. ನಿನ್ನ ಕಟಗಿ ದನಾ ಹಾಲ ಕೊಡತಾವೇನಲೇ?"

ಮಗ ಕನಕಪ್ಪ ಬಾಚಿ ಹಿಡಿದಾಗಿನಿಂದ ಪ್ರೀತಿಯಿಂದ ಕೆತ್ತಿದ ಪ್ರಾಣಿಗಳು ಹಲಗೆಯ ಮೇಲೆ ಸಾಲಾಗಿ ನಿಂತು ಅವನನ್ನೇ ನೋಡುತ್ತಿದ್ದವು. ಕೊಟ್ಟಿಗೆಯಲ್ಲಿದ್ದ ಖರೇ ಎಮ್ಮೆಯೂ ಹಾಲು ಕೊಡುತ್ತಿರಲಿಲ್ಲ. ಕರು ಸತ್ತಾಗಿನಿಂದ ಹಿಂಡಲು ಹೋದವರಿಗೆಲ್ಲ ಒದೆಯೇ. ಒಕ್ಕಲಿಗರ ಮನೆಯಲ್ಲಾದರೆ ಸತ್ತ ಕರುವಿನ ತೊಗಲಿಗೆ ಹುಲ್ಲು ತುಂಬಿ, ಹಾಲಿಳಿಸಲೆಂದು ತಾಯಿಯ ಮುಂದೆ ನಿಲ್ಲಿಸುತ್ತಾರೆ. ಮಡಿ ಹಿಡಿದ ಇವರ ಮನೆಯೊಳಗೆ ತೊಗಲು ತರುವಂತಿಲ್ಲ. ಕನಕಪ್ಪನ ಕಣ್ಣು ಹಿತ್ತಲಲ್ಲಿ ಬಿದ್ದಿದ್ದ ಹಾಲವಾಣ ಮರದ ಕೊರಡಿನ ಮೇಲೆ ಹೋಯಿತು.

ಅಪ್ಪ ಊರಿಗೆ ಮರಳುವಷ್ಟರಲ್ಲಿ ಕೊರಡಿಗೆ ಕಾಲು, ಕುತ್ತಿಗೆ, ಮೋರೆ ಬಂದವು. ಕಿವಿಗೆ ಗೋಣಿ ತಟ್ಟಿನ ತುಂಡು. ಸತ್ತ ಕರು ಮಲಗುತ್ತಿದ್ದ ತಟ್ಟಿನಿಂದಲೇ ಕನಕಪ್ಪನ ಹೆಂಡತಿ ರೇಣುಕವ್ವ ಅದರ ಮೈಯೆಲ್ಲ ತಿಕ್ಕಿ, ಉಪ್ಪುನೀರು ಸವರಿದಳು. ದೀಪ ಹಚ್ಚುವ ಹೊತ್ತಿಗೆ ಎಮ್ಮೆಯ ಮುಂದೆ ನಿಲ್ಲಿಸಿದರು. ಎಮ್ಮೆ ಮೂಸಿತು, ಸೀನಿತು, ಮತ್ತೆ ಮೂಸಿತು. ಆಮೇಲೆ ನೆಕ್ಕತೊಡಗಿತು. ರೇಣುಕವ್ವ ಚಂಬು ಹಿಡಿದು ಕೂತಳು. ಚರ್ರ್, ಚರ್ರ್!

ಅಷ್ಟರಲ್ಲಿ ಬಾಗಿಲಲ್ಲಿ ಅರ್ಜುನಪ್ಪನ ಕೆಮ್ಮು ಕೇಳಿತು. ಕನಕಪ್ಪ ಮೇವಿನ ಗೋದಲಿಯ ಹಿಂದೆ ಅಡಗಿದ.

"ಯಾರ ಮನಿ ಕರಾನವಾ ಇದು?"

"ಹೊಸಾದ್ರಿ ಮಾವಾರ, ಭಾಳ ನಾಚತೈತಿ," ಎಂದಳು ರೇಣುಕವ್ವ, ಸೆರಗು ಬಾಯಿಗೆ ತುರುಕಿಕೊಂಡು. "ನೀವ ಒಂದ ಹಿಡಿ ಹುಲ್ಲ ತಿನಸ್ರಿ."

ಗೋದಲಿಯ ಹಿಂದಿನಿಂದ ಕನಕಪ್ಪ "ಓಂಯ್" ಎಂದು ಕರುವಿನ ದನಿಯಲ್ಲಿ ಕೂಗಿದ. ಮುದುಕ ಕರಗಿಹೋದ. ರುಮಾಲು ತೆಗೆದು ಗೂಟಕ್ಕೆ ಹಾಕಿ, ಕತ್ತಲಲ್ಲಿ ಕರುವಿನ ಪಕ್ಕ ಕುಕ್ಕರಗಾಲಲ್ಲಿ ಕೂತ. "ತಿನ್ನಪಾ ತಮ್ಮಾ. ಯಾವ ಪಾಪಿ ಸಾಕಿದ್ನೋ ನಿನ್ನ, ಹೊಟ್ಟಿಗಿ ಇಲ್ಲದ ಮೈಯೆಲ್ಲಾ ಕಟಗಿ ಆಗೇತಿ!" ಎನ್ನುತ್ತ ಬೆನ್ನು ಸವರಿದ ಕೈ ಥಟ್ಟನೆ ನಿಂತಿತು. ಬೆರಳು ಕೆತ್ತಿದ ಗುರುತಿನ ಮೇಲೆ ಮೆಲ್ಲಗೆ ಹಿಂದಕ್ಕೆ ಬಂತು. ಟಕ್, ಟಕ್ ಎಂದು ಬಡಿದು ನೋಡಿದ.

"ಹಾಲವಾಣ," ಎಂದ, ತನಗೆ ತಾನೇ. "ಬಾಚಿ ನಂದು."

ಕನಕಪ್ಪ ತಲೆಯ ಮೇಲೆ ಹುಲ್ಲು ಹೊತ್ತುಕೊಂಡೇ ಎದ್ದು ನಿಂತ. ಹಲಗೆಯ ಮೇಲಿನ ಆನೆ ಕುದುರೆಗಳೆಲ್ಲ ಒಂದೊಂದಾಗಿ ಒಲೆಗೆ ಇಳಿಯುವುದು ಅವನಿಗೆ ಕಂಡಿತು. "ಇದನ್ನೂ ಒಲಿಗೆ ಹಾಕತೀಯೇನಪಾ?"

"ಸುಮ್ಮಕಿರಲೇ!" ಮುದುಕ ಪಿಸುದನಿಯಲ್ಲೇ ಗದರಿದ. "ಎಮ್ಮಿ ತೊರಿ ಬಿಟ್ಟೈತಿ, ಹಾಲ ಇಳದೈತಿ. ಮಗಾ ಅಂತ ನೆಕ್ಕಾಕ್ಹತ್ತೈತಿ ಅದು, ನೀ ನೋಡಿದ್ರ ಒಲಿಗೆ ಹಾಕೂ ಮಾತ ಆಡತಿ. ಕಟುಕ ಅದೀ ಏನು?" ಹಾಗೆನ್ನುತ್ತ ಕರುವಿನ ಮುಂಗಾಲು ಮುಟ್ಟಿ ನೋಡಿದ. "ಮಣಕಾಲ ಸೊಟ್ಟ ಆಗೇತಿ. ನಾಳಿ ಮುಂಜಾನೆ ನಿನ್ನ ಆನಿ, ಕುದ್ರಿ ಎಲ್ಲಾ ಅಂಗಳಕ್ಕ ತಾ. ಕಾಲ ಹ್ಯಾಂಗ ಕೆತ್ತಬೇಕು ತೋರಸ್ತೀನಿ."

ಚಂಬು ತುಂಬಿ ನೊರೆ ಉಕ್ಕಿತು. ಎಮ್ಮೆ ಕರುವಿನ ನೆತ್ತಿಯನ್ನು ಮುಗಿಸಿ, ಪಕ್ಕದಲ್ಲೇ ಇದ್ದ ಅರ್ಜುನಪ್ಪನ ಬೋಳು ನೆತ್ತಿಗೆ ನಾಲಿಗೆ ಹಚ್ಚಿತು. ರೇಣುಕವ್ವ ಕಿಸಕ್ಕೆಂದಳು, ಕನಕಪ್ಪ ಗೊಳ್ಳೆಂದ. ಇಬ್ಬರ ನಗೆಯನ್ನೂ ಮುಳುಗಿಸಿ, ಓಣಿಯ ನಾಯಿಗಳೆಲ್ಲ ಬೊಗಳುವಂತೆ ನಕ್ಕವನು ಅರ್ಜುನಪ್ಪನೇ. ಕಣ್ಣೀರು ಒರೆಸಿಕೊಳ್ಳಲು ಕೈ ಎತ್ತಿದರೆ ಎಮ್ಮೆ ಅದನ್ನೂ ನೆಕ್ಕಿತು.