ಮಾವನ ಹೊಗೆ

ಏನೇ ಉರಿಸಿದರೂ ಹೊಗೆ ಉರಿಸಿದವರ ತಲೆಯ ಮೇಲೆಯೇ ನಿಲ್ಲುತ್ತದೆ. ಅವರು ಸತ್ತ ದಿನ ಮನೆಯ ಎಲ್ಲರಿಗಿಂತ ಕಿರಿಯ ಕೂಸಿನ ಮೇಲೆ ಇಳಿಯುತ್ತದೆ. ಗಣಿಯೂರಿನ ಮಂದಿಗೆ ಇದು ಹೊಸತೇನಲ್ಲ. ಅದಕ್ಕೇ, ಆಯುಷ್ಯವಿಡೀ ಅದಿರಿನ ಲಾರಿ ಓಡಿಸಿದ ಮಾವ ವಿರುಪಣ್ಣನನ್ನು ಕೊಟ್ರಮ್ಮ ಸಾಯಲು ಬಿಟ್ಟಿರಲಿಲ್ಲ. ಅವನ ಹೊಗೆಗೆ ಹಗಲಲ್ಲೂ ಕೋಣೆ ಕತ್ತಲು.

ಗಂಜಿಯ ಚಮಚ ಕಂಡು ಮುದುಕ ಬಾಯಿ ಬಿಗಿಹಿಡಿದ. "ಸಾಕವ್ವಾ, ಕೈ ಮುಗಿತೀನಿ, ನನ್ನ ಹೋಗಾಕ ಬಿಡು."

ಅವಳು ತೊಟ್ಟಿಲನ್ನು ಮಂಚದ ಹತ್ತಿರಕ್ಕೆ ಎಳೆದಳು. "ನೀವು ಹೋದ್ರ ಈ ಹೊಗಿ ಯಾರ ಮ್ಯಾಲೆ ಇಳೀತೈತ್ರಿ ಮಾವಾ?"

ಮೊಮ್ಮಗಳು ನಿದ್ದೆಯಲ್ಲಿ ನಗುತ್ತಿದ್ದಳು. ಮುದುಕ ಗಂಜಿಗೆ ಬಾಯಿ ತೆರೆದ.

ಅಷ್ಟರಲ್ಲಿ ಗಂಜಿ ಆರಿಹೋಗಿತ್ತು. ಬಿಸಿ ಮಾಡಲು ಕೊಟ್ರಮ್ಮ ಒಲೆ ಹಚ್ಚಿದಳು. ಎದ್ದ ಹೊಗೆ ಸೀದಾ ಬಂದು ಅವಳ ತಲೆಯ ಮೇಲೆ ಕೂತಿತು. ಅದಕ್ಕೂ ಕೊನೆಗೆ ಆ ಕೂಸೇ ಗತಿ.