ಬೋರಲಿಂಗಪ್ಪನವರ ಮನೆಪಾಠ

"ನಮ್ಮ ಬಡಾವಣೆಯ ನಾಯಿಗಳೂ ಈಗ ಅಲ್ಪಪ್ರಾಣ, ಮಹಾಪ್ರಾಣ ನೋಡ್ಕೊಂಡೇ ಬೊಗಳೋದು, ಮೇಡಂ! ಎಲ್ಲಾ ನನ್ನ ಮನೆಪಾಠದ ಮಹಿಮೆ," ಎಂದರು ಬೋರಲಿಂಗಪ್ಪನವರು, ಶಾಲೆಯ ಮುಖ್ಯೋಪಾಧ್ಯಾಯಿನಿಗೆ.

ಕಟ್ಟಡದ ಕೆಲಸಕ್ಕೆಂದು ಬಿಹಾರದಿಂದ ಆ ಬಡಾವಣೆಗೆ ಬಂದವರ ಮಕ್ಕಳಿಗೆ ಕನ್ನಡ ಕಲಿಸುವ ಹೊಣೆಯನ್ನು ಅವರೇ ಹೊತ್ತಿದ್ದರು. ಸಂಘದ ಸಭೆಯಲ್ಲಿ ಅವರು ಎದೆ ತಟ್ಟಿಕೊಂಡ ಸದ್ದಿಗೆ ಮೈಕೇ ಬೆಚ್ಚಿಬಿದ್ದಿತ್ತು. ಈ ದಿನ ಆ ಮಕ್ಕಳಲ್ಲೊಬ್ಬಳಾದ ಫುಲ್ಮತಿಗೆ ಶಾಲೆಯಲ್ಲಿ ಪರೀಕ್ಷೆ. ಕನ್ನಡ ಬಂದರೆ ಓರಗೆಯವರ ಜೊತೆ ನಾಲ್ಕನೇ ತರಗತಿ. ಬಾರದಿದ್ದರೆ ಪುಟಾಣಿಗಳ ಜೊತೆ ಒಂದನೇ ತರಗತಿ.

"ಇವಳು ಬಾಯಿ ಬಿಟ್ರೆ ಮುತ್ತು ಉದುರುತ್ತೆ. ತುಂಬ್ಕೊಳ್ಳೋಕೆ ಒಂದು ಮೊರ ತರಿಸಿ, ಮೇಡಂ."

ಫುಲ್ಮತಿ ತಾಯಿಯ ಕೈ ಬಿಟ್ಟು ಮುಂದೆ ಬಂದಳು. ಮುಖ್ಯೋಪಾಧ್ಯಾಯಿನಿಗೆ ಕೈಮುಗಿದು ಸ್ಪಷ್ಟವಾಗಿ ಹೇಳಿದಳು: "ನಾಳೆ ಬಾ, ಮೇಡಂ!"

ಅವರು ನಗು ತಡೆದುಕೊಂಡು ಹಿಂದಿಯಲ್ಲಿ ವಿಚಾರಿಸಿದರು. ಹುಡುಗಿ ಹೆಮ್ಮೆಯಿಂದ ವಿವರಿಸಿದಳು. ಸಂಜೆ ಸ್ಲೇಟು ಹಿಡಿದು ಅಂಕಲ್ ಮನೆಯ ಗೇಟಿನ ಹತ್ತಿರ ಹೋದಾಗಲೆಲ್ಲ ಅವರು ಹೀಗೇ ಹೇಳುತ್ತಾರೆ. ಅವಳೂ ಅದನ್ನೇ ಹೇಳಿ ಮರಳುತ್ತಾಳೆ. ಅರ್ಥ ಕೇಳಿದ್ದಕ್ಕೆ, ಇದು ಕನ್ನಡದ ನಮಸ್ತೆ ಎಂದು ಅಂಕಲ್ಲೇ ಹೇಳಿಕೊಟ್ಟಿದ್ದರು.

ಮೇಡಂ ನಿಜವಾದ ಅರ್ಥ ಹೇಳಿದರು. ಮುಗಿದಿದ್ದ ಕೈಗಳು ಮೆಲ್ಲಗೆ ಬಿಟ್ಟುಕೊಂಡವು. ಫುಲ್ಮತಿ ಅಂಕಲ್ಲನ್ನೇ ನೋಡುತ್ತ ತಾಯಿಯ ಸೆರಗಿನ ಹಿಂದೆ ಸರಿದಳು.

"ಏನ್ರೀ ಇದು? ಪಾಠ ಎಲ್ಲಿ ನಡೀತಿತ್ತು?"

ಬೋರಲಿಂಗಪ್ಪನವರು ತಲೆ ಕೆರೆದುಕೊಂಡರು.

"ಗೇಟೇ ತೆಗೀಲಿಲ್ಲ, ಮೇಡಂ. ಒಂದು ದಿನಾನೂ."