ಕುರ್ಚಿಯ ಹಿಂದಿನ ಗೋಡೆ

"ಅಕ್ಕಾ, ಎರಡೂ ಬೂದು ಬಣ್ಣಾನೇ! ಕಣ್ಮುಚ್ಕೊಂಡು ಒಂದನ್ನ ಮುಟ್ಟು, ಸಾಕು!" ನೆಲಿದಾ ಹಣೆ ಚಚ್ಚಿಕೊಂಡಳು. ಜುಲೈ ಇಪ್ಪತ್ತೆಂಟಕ್ಕೆ ಸ್ವಾತಂತ್ರ್ಯದ ಹಬ್ಬ. ಲಿಮಾದ ಆ ಬೀದಿಯಲ್ಲಿ ಉಳಿದೆಲ್ಲ ಮನೆಗಳಿಗೂ ಬಣ್ಣ ಬಳಿದಾಗಿತ್ತು. ಅಕ್ಕ ಎಲ್ವಿರಾ ಮಾತ್ರ ನಾಲ್ಕು ದಿನದಿಂದ ಬಣ್ಣದ ಎರಡು ಮಾದರಿ ಕಾರ್ಡು ಹಿಡಿದು ನಡುಮನೆಯ ಮೂಲೆಯ ಕುರ್ಚಿಯ ಹಿಂದೆಯೇ ನಿಲ್ಲುತ್ತಿದ್ದಳು. "ಹೊರಗೆ ಆರು ತಿಂಗಳು ಆಕಾಶ ಬೂದು. ನಿಂಗೆ ಒಳಗೂ ಅದೇ ಬೇಕು, ಅದ್ರಲ್ಲೂ ಆರಿಸೋದು ಬೇರೆ!"

"ಈ ತುಂತುರಿಗೆ ಬಣ್ಣ ಒಣಗೋಕೇ ಮೂರು ದಿನ ಬೇಕಮ್ಮಾ," ಏಣಿಯ ಮೇಲಿಂದ ಪೇಂಟರ್ ಟಿಯೋಫಿಲೊ ಗೊಣಗಿದ.

ಎಲ್ವಿರಾ ಒಂದು ಕಾರ್ಡನ್ನು ಗೋಡೆಗೆ ಒತ್ತಿದಳು, ತೆಗೆದಳು, ಇನ್ನೊಂದನ್ನು ಒತ್ತಿದಳು. "ಇದು ಸ್ವಲ್ಪ ಹತ್ರ," ಎಂದಳು.

"ಯಾವುದಕ್ಕೆ ಹತ್ರ?" ಕಾರ್ಡು ಕಿತ್ತುಕೊಳ್ಳಲು ಬಂದ ನೆಲಿದಾ ಅಲ್ಲೇ ನಿಂತಳು. ಕಾರ್ಡಿನ ಪಕ್ಕದಲ್ಲಿ ಅಂಗೈಯಗಲದ ಬೂದು ಕಲೆಯಿತ್ತು. ಮಾರ್ಚಿನಲ್ಲಿ ತೀರಿಕೊಂಡ ಭಾವ, ಮೂವತ್ತು ವರ್ಷ ರೇಡಿಯೊ ಕೇಳುತ್ತ ಎಣ್ಣೆ ಹಚ್ಚಿದ ತಲೆಯನ್ನು ಒರಗಿಸುತ್ತಿದ್ದುದು ಅಲ್ಲಿಗೇ. ಗೋಡೆ ಕೊಳೆಯಾಗುತ್ತದೆಂದು ಎಲ್ವಿರಾ ದಿನಾ ಬೈಯುತ್ತಿದ್ದುದೂ ಅದಕ್ಕೇ.

ನೆಲಿದಾ ಎರಡೂ ಕಾರ್ಡುಗಳನ್ನು ತೆಗೆದುಕೊಂಡು ಕಲೆಯ ಅಕ್ಕಪಕ್ಕ ಹಿಡಿದು ನೋಡಿದಳು. ಆಮೇಲೆ ಏಣಿಯತ್ತ ತಿರುಗಿ ರೇಗಿದಳು:

"ಏನಯ್ಯಾ, ಎರಡೇ ಎರಡು ಕಾರ್ಡು ತಂದಿದ್ದೀಯಲ್ಲ! ಬೇರೆ ಬೂದು ಇಲ್ವಾ?"